ನವಲೆ ಬ್ರಿಡ್ಜ್ ಇಳಿಜಾರಿಗೆ ಮೊದಲು ಬರಲಿ

ಮಾನ್ಯ ಸಂಪಾದಕರೇ,

ಗಾಡಿಗಳು ವೈರ್‌ಲೆಸ್ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುವ ತಂತ್ರಜ್ಞಾನದ ಬಗ್ಗೆ ಎಲ್ಲೇ ಓದಿದರೂ ದುಬಾರಿ ಕಾರುಗಳ ಮಾತೇ ಜಾಸ್ತಿ. ಪುಣೆಯಲ್ಲಿರುವ ನಮಗೆ ಅದು ಬೇಕಿರುವುದು ಬೆಂಗಳೂರು-ಮುಂಬೈ ಹೆದ್ದಾರಿಯ ನವಲೆ ಬ್ರಿಡ್ಜ್ ಇಳಿಜಾರಿನಲ್ಲಿ, ಅದೂ ಮೊದಲು ಲಾರಿ ಬಸ್ಸುಗಳಿಗೆ.

ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಬರುವವರಿಗೆಲ್ಲ ಈ ಜಾಗ ಗೊತ್ತು. ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ರಸ್ತೆ ಇಳಿಯುತ್ತಲೇ ಹೋಗುತ್ತದೆ. ಡೀಸೆಲ್ ಉಳಿಸೋಕೆ ಕೆಲವು ಚಾಲಕರು ಲಾರಿಯನ್ನು ನ್ಯೂಟ್ರಲ್‌ಗೆ ಹಾಕುತ್ತಾರೆ. ಆಗ ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಕೈಕೊಡುತ್ತದೆ, ಕೆಳಗೆ ನೋಡಿದರೆ ಸ್ಕೂಟರು, ರಿಕ್ಷಾ, ಊರಿನ ಟ್ರಾಫಿಕ್ ಪೂರ್ತಿ ನಿಂತಿರುತ್ತದೆ. 2022ರ ನವೆಂಬರ್‌ನಲ್ಲಿ ಇಲ್ಲಿ ಒಂದೇ ಅಪಘಾತದಲ್ಲಿ ಹತ್ತಾರು ವಾಹನಗಳು ಜಖಂ ಆದವು. ಆಮೇಲೂ ಸಾವುಗಳು ನಿಂತಿಲ್ಲ.

ಈ ತಂತ್ರಜ್ಞಾನದಲ್ಲಿ ಪ್ರತಿ ಗಾಡಿಯೂ ತಾನು ಎಲ್ಲಿದ್ದೇನೆ, ಎಷ್ಟು ವೇಗ, ಯಾವ ದಿಕ್ಕು, ಬ್ರೇಕ್ ಒತ್ತಿದೆಯಾ ಅನ್ನುವುದನ್ನು ಸೆಕೆಂಡಿಗೆ ಸುಮಾರು 10 ಸಲ ಸುತ್ತಲಿನ ಗಾಡಿಗಳಿಗೆ ನೇರವಾಗಿ ಕಳಿಸುತ್ತದೆ. ಮೊಬೈಲ್ ಟವರ್ ಬೇಕಿಲ್ಲ. ಹೆಚ್ಚಿನ ದೇಶಗಳಲ್ಲಿ ಇದಕ್ಕೆ 5.9 ಗಿಗಾಹರ್ಟ್ಸ್ ರೇಡಿಯೊ ಬ್ಯಾಂಡ್ ಇದೆ. ಮುಂದಿನ ಕಂಟೇನರ್ ಅಡ್ಡ ಬಂದರೆ ಅದರಾಚೆ ಏನಿದೆ ಅಂತ ಕ್ಯಾಮೆರಾಗೂ ಕಾಣುವುದಿಲ್ಲ, ಚಾಲಕನಿಗೂ ಕಾಣುವುದಿಲ್ಲ. ರೇಡಿಯೊ ಸಂದೇಶ ಮಾತ್ರ ಎಷ್ಟೋ ಸಲ ಅದನ್ನು ದಾಟಿ ಬರುತ್ತದೆ. ಹಿಂದಿನಿಂದ ಲಾರಿಯೊಂದು 80 ಕಿ.ಮೀ. ವೇಗದಲ್ಲಿ ನುಗ್ಗಿ ಬರುತ್ತಿದ್ದರೆ, 300 ಮೀಟರ್ ಇರುವಾಗಲೇ ಸುಳಿವು ಸಿಕ್ಕರೂ ಕೈಯಲ್ಲಿ 13 ಸೆಕೆಂಡ್ ಇರುತ್ತದೆ. ಪಕ್ಕಕ್ಕೆ ಸರಿಯೋಕೆ ಅದು ಕಡಿಮೆ ಹೊತ್ತಲ್ಲ.

ಆದರೆ ಎರಡೂ ಗಾಡಿಯಲ್ಲಿ ಉಪಕರಣ ಇರಬೇಕಲ್ವಾ? ಎಲ್ಲರ ಗಾಡಿಗೂ ಬರೋವರೆಗೆ ಕಾಯುತ್ತಾ ಕೂತರೆ ವರ್ಷಗಳೇ ಹೋಗುತ್ತವೆ. ಅದಕ್ಕೇ ರಸ್ತೆಯಿಂದ ಶುರು ಮಾಡಿ ಅನ್ನೋದು. ಇಳಿಜಾರಿನ ಕಂಬಗಳಲ್ಲಿ ರಾಡಾರ್ ಜೊತೆ ಈ ಉಪಕರಣವನ್ನೂ ಇಟ್ಟರೆ ಹಿಡಿತ ತಪ್ಪಿದ ಲಾರಿಯನ್ನು ರಾಡಾರ್ ಗುರುತಿಸುತ್ತದೆ, ಉಪಕರಣ ಇರುವವರಿಗೆ ಸಂದೇಶ ಹೋಗುತ್ತದೆ, ಇಲ್ಲದವರಿಗೆ ಕೆಳಗಿನ ಬೋರ್ಡಿನಲ್ಲಿ ಕೆಂಪು ದೀಪ ಹೊತ್ತುತ್ತದೆ. ಜೊತೆಗೆ ಭಾರಿ ವಾಹನಗಳಿಗೆ ಉಪಕರಣ ಕಡ್ಡಾಯ ಮಾಡಲಿ. ಫಾಸ್ಟ್‌ಟ್ಯಾಗ್ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಆ ಸ್ಟಿಕರ್‌ನಲ್ಲಿ ಬ್ಯಾಟರಿಯೇ ಇಲ್ಲ, ಟೋಲ್‌ನ ಯಂತ್ರ ಕೇಳಿದಾಗ ಮಾತ್ರ ಉತ್ತರ ಕೊಡುತ್ತದೆ, ಎಚ್ಚರಿಸೋಕೆ ಅದರಿಂದ ಆಗದು. ಆದರೂ 2021ರ ಫೆಬ್ರುವರಿಯಲ್ಲಿ ಕಡ್ಡಾಯ ಅಂದಮೇಲೆ ಎಲ್ಲರೂ ಅಂಟಿಸಿಕೊಂಡರು. ಸರ್ಕಾರ ಮನಸ್ಸು ಮಾಡಿದರೆ ಇದೂ ಆಗುತ್ತದೆ.

ಇನ್ನೊಂದು ಮಾತು. ವೈ-ಫೈ ಬಗೆಯದು, ಮೊಬೈಲ್ ಬಗೆಯದು (ಇದರ ನೇರ ಸಂದೇಶಕ್ಕೂ ಟವರ್ ಬೇಕಿಲ್ಲ) ಅಂತ ಇದರಲ್ಲಿ ಎರಡು ಪದ್ಧತಿಗಳಿವೆ, ಒಂದರ ಸಂದೇಶ ಇನ್ನೊಂದಕ್ಕೆ ತಿಳಿಯುವುದಿಲ್ಲ. ಅಮೆರಿಕ 1999ರಲ್ಲೇ ಆ 5.9 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ 75 ಮೆಗಾಹರ್ಟ್ಸ್ ಅಗಲದ ಜಾಗ ಗಾಡಿಗಳ ಸಂದೇಶಕ್ಕೆ ಮೀಸಲಿಟ್ಟು, ಬಳಕೆ ಹೆಚ್ಚಾಗದೆ, 2020ರಲ್ಲಿ ಅದರಲ್ಲಿ 45ನ್ನು ವೈ-ಫೈಗೆ ಬಿಟ್ಟುಕೊಟ್ಟು, ಉಳಿದದ್ದನ್ನು ಮೊಬೈಲ್ ಬಗೆಗೆ ಕೊಟ್ಟಿತು. ನಾವು ಕಂಪನಿಗೊಂದು ಪದ್ಧತಿ ಅಂತ ಬಿಡಬಾರದು. ಸಂದೇಶದಲ್ಲಿ ಮಾಲೀಕರ ಹೆಸರು, ನಂಬರ್ ಪ್ಲೇಟ್ ಇರಬಾರದು, ಯಾರೂ ಜಾಡು ಹಿಡಿಯದಂತೆ ಸಂದೇಶದಲ್ಲಿನ ಗಾಡಿಯ ಗುರುತು ಆಗಾಗ ಬದಲಾಗುತ್ತಿರಬೇಕು. ಇದನ್ನು ಚಲನ್ ಹಾಕೋಕೆ ಬಳಸಿದರೆ ಚಾಲಕರು ಉಪಕರಣದ ವೈರ್ ಕಿತ್ತು ಹಾಕುತ್ತಾರೆ, ಅಲ್ಲಿಗೆ ಎಲ್ಲ ಮುಗಿಯಿತು.

ಸುರಂಗದಿಂದ ಬ್ರಿಡ್ಜ್‌ವರೆಗಿನ ಈ ಕೆಲವೇ ಕಿಲೋಮೀಟರ್‌ನಲ್ಲಿ ಪ್ರಯೋಗ ಶುರುವಾಗಲಿ. ದಿನಾ ಇದೇ ದಾರಿಯಲ್ಲಿ ಓಡುವ ಕರ್ನಾಟಕ ಮತ್ತು ಮಹಾರಾಷ್ಟ್ರದ ಸರ್ಕಾರಿ ಬಸ್ಸುಗಳಿಗೆ ಮೊದಲ ಉಪಕರಣ ಹಾಕಲಿ. ಎರಡೂ ರಾಜ್ಯಗಳ ಸಾರಿಗೆ ಸಚಿವರು ಇದಕ್ಕೆ ಉತ್ತರ ಕೊಡಬೇಕು.

— ಓದುಗ, ಧನಕವಡಿ, ಪುಣೆ