ಮೋಡೆಮ್ ಆಫ್ ಮಾಡಿದರೆ ಬೀಗ ಹಾಕಿದಂತಾಗದು

ಮಾನ್ಯರೆ,

ರಾತ್ರಿ ಮೋಡೆಮ್ ಆಫ್ ಮಾಡಿ ಮಲಗಿದರೆ ಹ್ಯಾಕರ್‌ಗಳ ಭಯವಿಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಆಫ್ ಆಗಿರುವಷ್ಟು ಹೊತ್ತು ಅದು ನಿಜ. ಆದರೆ ತೆರೆದ ಪೋರ್ಟ್‌ಗಳಿಗಾಗಿ (ಹೊರಗಿನವರು ಸಂಪರ್ಕಿಸಬಹುದಾದ ಬಾಗಿಲುಗಳಿಗಾಗಿ) ತಡಕಾಡುವುದು ಹಗಲಿರುಳೂ ಓಡುವ ಪ್ರೋಗ್ರಾಂಗಳು. ಬೆಳಿಗ್ಗೆ ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೇ ಅವು ಮತ್ತೆ ಬಾಗಿಲು ತಟ್ಟುತ್ತವೆ. 2016ರ ಮಿರಾಯ್ ಕುತಂತ್ರಾಂಶ ಮೋಡೆಮ್, ಕ್ಯಾಮೆರಾಗಳ ತಾತ್ಕಾಲಿಕ ಮೆಮೊರಿಯಲ್ಲಷ್ಟೇ ಕೂರುತ್ತಿತ್ತು, ಆಫ್ ಮಾಡಿದರೆ ಅಳಿಸಿಹೋಗುತ್ತಿತ್ತು. ಕಂಪನಿ ಕೊಟ್ಟ ಪಾಸ್‌ವರ್ಡ್ ಹಾಗೇ ಇದ್ದರೆ ನಿಮಿಷಗಳಲ್ಲೇ ವಾಪಸು ಬರುತ್ತಿತ್ತು. 2018ರ ವಿಪಿಎನ್‌ಫಿಲ್ಟರ್ ಎಂಬ ಇನ್ನೊಂದು ಕುತಂತ್ರಾಂಶದ ಮೊದಲ ಹಂತವಂತೂ ರೀಸ್ಟಾರ್ಟ್‌ಗೂ ಜಗ್ಗಲಿಲ್ಲ, ಫ್ಯಾಕ್ಟರಿ ರೀಸೆಟ್ಟೇ ಬೇಕಾಯಿತು.

ಹಾಗಾಗಿ ಗಮನ ಇರಬೇಕಾದದ್ದು ಸೆಟ್ಟಿಂಗ್ಸ್ ಮೇಲೆ. ವೈಫೈ ಪಾಸ್‌ವರ್ಡ್ ಬದಲಿಸಿದವರೂ ಅಡ್ಮಿನ್ ಪಾಸ್‌ವರ್ಡ್ (ಮೋಡೆಮ್‌ನ ಸೆಟ್ಟಿಂಗ್ಸ್ ತೆರೆಯುವಂಥದ್ದು) ಬದಲಿಸಲು ಮರೆಯುತ್ತಾರೆ. ಇವೆರಡೂ ಬೇರೆ ಬೇರೆ. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಎಂದು ಒತ್ತಿ (ಸರಿಯಾದ ವಿಳಾಸ ಸಾಮಾನ್ಯವಾಗಿ ಮೋಡೆಮ್‌ನ ಅಡಿಯ ಚೀಟಿಯಲ್ಲಿರುತ್ತದೆ), ಒಳಹೊಕ್ಕು ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ಸೆಟ್ಟಿಂಗ್ಸ್ ಬದಲಿಸುವ ಸೌಲಭ್ಯ) ಮತ್ತು ಯುಪಿಎನ್‌ಪಿ (ಮನೆಯ ಸಾಧನಗಳು ತಾವಾಗಿಯೇ ಪೋರ್ಟ್ ತೆರೆಸುವ ಸೌಲಭ್ಯ) ಬಂದ್ ಮಾಡಿ. ಡಿಎನ್‌ಎಸ್ (ಜಾಲತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ ನೀವು ಹಾಕದ, ಸೇವಾ ಕಂಪನಿಯದ್ದೂ ಅಲ್ಲದ ವಿಳಾಸವಿದ್ದರೆ ಯಾರೋ ಕೈಯಾಡಿಸಿರಬಹುದು. ಬ್ಯಾಂಕಿನ ಹೆಸರು ಒತ್ತಿದವರನ್ನು ನಕಲಿ ಪುಟಕ್ಕೆ ಒಯ್ಯುವ ದಾರಿ ಅದೇ.

ಡಬ್ಲ್ಯುಪಿಎಸ್ ಪಿನ್ (ಪಾಸ್‌ವರ್ಡ್ ಬದಲು ಎಂಟು ಅಂಕಿ ಒತ್ತಿ ವೈಫೈ ಸೇರುವ) ಸೌಲಭ್ಯವನ್ನು ಖಂಡಿತ ಇಟ್ಟುಕೊಳ್ಳಬೇಡಿ. ಎಂಟು ಅಂಕಿ ಎಂದರೆ ಹತ್ತು ಕೋಟಿ ಸಾಧ್ಯತೆ ಎನಿಸುತ್ತದೆ. ಆದರೆ ಮೊದಲ ನಾಲ್ಕು ಅಂಕಿ ಸರಿಯೋ ತಪ್ಪೋ ಎಂಬುದು ಪ್ರತ್ಯೇಕವಾಗಿ ಗೊತ್ತಾಗಿಬಿಡುತ್ತದೆ, ಕೊನೆಯ ಅಂಕಿ ಉಳಿದವುಗಳ ಲೆಕ್ಕದಿಂದಲೇ ಬರುತ್ತದೆ. ಉಳಿಯುವುದು ಮೊದಲ ನಾಲ್ಕಕ್ಕೆ 10,000 ಮತ್ತು ಮುಂದಿನ ಮೂರಕ್ಕೆ 1,000, ಒಟ್ಟು 11,000 ಯತ್ನ ಮಾತ್ರ. ಈ ದೋಷ ಬಯಲಾದದ್ದು 2011ರಲ್ಲಿ. ಆ ಸೌಲಭ್ಯ ಇಂದಿಗೂ ಎಷ್ಟೋ ಮೋಡೆಮ್‌ಗಳಲ್ಲಿದೆ. ವೈಫೈ ಭದ್ರತೆಯ ವಿಧಾನವಾಗಿ ಡಬ್ಲ್ಯುಪಿಎ3, ಇಲ್ಲದಿದ್ದರೆ ಎಇಎಸ್ ಗೂಢಲಿಪಿ ಇರುವ ಡಬ್ಲ್ಯುಪಿಎ2 ಆರಿಸಿ. ಕ್ಯಾಮೆರಾ, ಟಿವಿಗಳನ್ನು ಗೆಸ್ಟ್ ನೆಟ್‌ವರ್ಕ್‌ಗೆ (ಅತಿಥಿಗಳಿಗೆಂದೇ ಇರುವ ಪ್ರತ್ಯೇಕ ವೈಫೈ) ಹಾಕಿ. ಫರ್ಮ್‌ವೇರ್ (ಮೋಡೆಮ್‌ನೊಳಗಿನ ತಂತ್ರಾಂಶ) ಅಪ್‌ಡೇಟ್ ನಿಂತುಹೋದ ಹಳೆಯ ಮೋಡೆಮ್ ಬದಲಿಸುವುದೇ ಲೇಸು.

ದಿನಾ ಆಫ್ ಮಾಡುವುದರಿಂದ ತೊಂದರೆಯೂ ಉಂಟು. ಅಪ್‌ಡೇಟ್‌ಗಳು ಬಹಳಷ್ಟು ಸಲ ರಾತ್ರಿಯೇ ಬರುತ್ತವೆ. ಡಿಎಸ್‌ಎಲ್ (ಟೆಲಿಫೋನ್ ತಂತಿಯ ಇಂಟರ್ನೆಟ್) ಲೈನ್ ಪದೇ ಪದೇ ಕಡಿದರೆ, ಲೈನೇ ಕೆಟ್ಟಿದೆ ಎಂದು ಭಾವಿಸಿ ಕಂಪನಿಯ ಕಡೆಯ ಯಂತ್ರ ವೇಗ ತಗ್ಗಿಸಬಹುದು. ವಾರಗಟ್ಟಲೆ ಊರಿಗೆ ಹೋಗುವಾಗ, ಕ್ಯಾಮೆರಾ ಅಥವಾ ಫೋನ್ ಅದನ್ನು ಅವಲಂಬಿಸಿರದಿದ್ದರೆ, ಆಫ್ ಮಾಡುವುದು ಸರಿಯೇ. ಆಗ ಸ್ವಿಚ್ ಒತ್ತಿದರಷ್ಟೇ ಸಾಲದು. ಅಡಾಪ್ಟರ್ ಜೊತೆ ತಾಮ್ರದ ಟೆಲಿಫೋನ್ ತಂತಿಯನ್ನೂ ಕಿತ್ತಿಡಿ, ಸಿಡಿಲು ಅದರ ಮೂಲಕವೂ ಒಳಬರುತ್ತದೆ.

ಇಂತಿ,
ಒಬ್ಬ ನೆಟ್‌ವರ್ಕ್ ತಂತ್ರಜ್ಞ