ಇನ್ನು ಮುಂದೆ ಉದುರಿದ ಬೂದಿ ಮಾತ್ರ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಇಟಲಿಯ ಸಿಸಿಲಿ ದ್ವೀಪದ ಜ್ವಾಲಾಮುಖಿಯಾದ ಎಟ್ನಾ ಪರ್ವತದ ಬೂದಿ, ಲಾವಾ ಕಲ್ಲು, ಸುಣ್ಣ, ಬಟ್ಟೆ ಬಳಸಿ ನಮ್ಮ ಸಹಕಾರಿ ಸಂಘದ ಕಲಾವಿದರು ರಚಿಸುವ ಫಲಕಗಳನ್ನು ನೀವು ಅಕ್ಕರೆಯಿಂದ ಕೊಂಡಿದ್ದೀರಿ. ಅವುಗಳಿಗೆ ಬೇಕಾದ ಕಪ್ಪು ಮರಳನ್ನು ಇದುವರೆಗೆ ಗಣಿಗಳಿಂದ ತರಿಸುತ್ತಿದ್ದೆವು. ಅದನ್ನು ನಿಲ್ಲಿಸಿದ್ದೇವೆ. ಇನ್ನು ಬಳಸುವುದು ಊರುಗಳ ಮಾಳಿಗೆ, ಅಂಗಳಗಳ ಮೇಲೆ ತಾನಾಗಿ ಉದುರಿದ ಬೂದಿಯನ್ನು ಮಾತ್ರ.

2021ರ ಆರಂಭದಲ್ಲಿ ಎಟ್ನಾ ಮತ್ತೆ ಮತ್ತೆ ಚಿಮ್ಮಿದಾಗ ಪೂರ್ವದ ಇಳಿಜಾರಿನ ಊರುಗಳ ಜನ ಬೂದಿ ಗುಡಿಸಿ ಗುಡಿಸಿ ಸುಸ್ತಾಗಿದ್ದರು. ಮನೆಬಾಗಿಲಿಗೇ ಬಂದು ಬೀಳುವುದನ್ನು ಎಸೆದು, ಅದೇ ಬೆಟ್ಟವನ್ನು ಅಗೆಸುವುದು ನಮಗೆ ಸರಿ ಕಾಣಲಿಲ್ಲ.

ಇದರಿಂದ ಫಲಕಗಳ ನೋಟ ಬದಲಾಗುತ್ತದೆ. ಗಣಿಯ ಮರಳಿನ ಕಪ್ಪು ಒಂದೇ ಸಮನಾಗಿರುತ್ತಿತ್ತು. ಉದುರಿದ ಬೂದಿ ಹಾಗಲ್ಲ. ಜ್ವಾಲಾಮುಖಿಯ ಬಾಯಿಗೆ ಹತ್ತಿರದ ಊರಿನಲ್ಲಿ ಹರಳು ಹರಳಾಗಿ ಬಿದ್ದರೆ, ದೂರದ ಊರಿನಲ್ಲಿ ಹಿಟ್ಟಿನಷ್ಟು ನಯವಾಗಿ ಬೀಳುತ್ತದೆ. ಒಲೆಯ ಬೂದಿಯಂತೆ ಇದು ಸುಟ್ಟು ಉಳಿದದ್ದಲ್ಲ, ಸಿಡಿದ ಕಲ್ಲು ಮತ್ತು ಗಾಜಿನ ಚೂರು. ಭೂತಗನ್ನಡಿಯಲ್ಲಿ ನೋಡಿದರೆ ಚೂಪಾದ ಅಂಚುಗಳು ಕಾಣುತ್ತವೆ. ಹೊಸ ಬೂದಿಗೆ ಲವಣಗಳು ಅಂಟಿಕೊಂಡಿರುವುದರಿಂದ ಹಲವು ಬಾರಿ ನೀರಿನಲ್ಲಿ ತೊಳೆದು, ಒಣಗಿಸಿ, ಜರಡಿ ಹಿಡಿಯಬೇಕು. ಇಲ್ಲದಿದ್ದರೆ ಫಲಕದ ಮೇಲೆ ಬಿಳಿ ಕಲೆ ಏಳುತ್ತದೆ. ಈ ಕೆಲಸಕ್ಕೆ ಸಮಯ ಬೇಕು, ಹಾಗಾಗಿ ಹೊಸ ಬೇಡಿಕೆಗಳು ನಿಮ್ಮ ಕೈಸೇರುವುದು ತುಸು ತಡವಾಗುತ್ತದೆ. ಬೆಲೆ ಏರಿಸಿಲ್ಲ.

ಕೆಂಪು ಬಣ್ಣದ ಬಗ್ಗೆಯೂ ಹೇಳಬೇಕು. ಲಾವಾ ಹರಿದಾಗ ಅದರಡಿಯ ಮಣ್ಣು ಬೆಂದು ಕೆಂಪಾಗುತ್ತದೆ. ಇಲ್ಲಿ ಅದನ್ನು ‘ಗಿಯಾರಾ’ ಎನ್ನುತ್ತಾರೆ. 1693ರ ಭೂಕಂಪದ ನಂತರ ಕಟಾನಿಯಾ ನಗರವನ್ನು ಮರಳಿ ಕಟ್ಟುವಾಗ ಗಾರೆಗೆ ಇದನ್ನು ಬೆರೆಸಿದ್ದರು. ಹಳೆಯ ಮನೆಗಳ ದುರಸ್ತಿಯಲ್ಲಿ ಕೆತ್ತಿ ತೆಗೆದ ಆ ಗಾರೆಯನ್ನೇ ಈಗ ಪುಡಿಮಾಡಿ ಬಳಸುತ್ತಿದ್ದೇವೆ. ಸುಣ್ಣ ಬೆರೆತಿರುವುದರಿಂದ ಕೆಂಪು ಗುಲಾಬಿಯತ್ತ ವಾಲುತ್ತದೆ. ನನಗಂತೂ ಕಪ್ಪಿನ ಪಕ್ಕದಲ್ಲಿ ಈ ಮೆದು ಬಣ್ಣವೇ ಹೆಚ್ಚು ಚೆಂದ ಕಾಣುತ್ತದೆ.

ಜೋಡಿ ಫಲಕ ಬೇಕಾದವರು ಎರಡನ್ನೂ ಒಟ್ಟಿಗೇ ಹೇಳಿ; ಒಮ್ಮೆ ಸಂಗ್ರಹಿಸಿದ ಬೂದಿ ಮುಗಿದರೆ ಅದೇ ಛಾಯೆ ಮತ್ತೆ ಸಿಗುವುದಿಲ್ಲ. ಈಗಾಗಲೇ ಮುಂಗಡ ಕೊಟ್ಟವರಿಗೆ ಬಣ್ಣದ ಮಾದರಿಯನ್ನು ಅಂಚೆಯಲ್ಲಿ ಕಳುಹಿಸುತ್ತೇವೆ. ಅದು ಒಪ್ಪಿಗೆಯಾಗದಿದ್ದರೆ ಪೂರ್ತಿ ಹಣ ಹಿಂದಿರುಗಿಸುತ್ತೇವೆ. ಫಲಕದ ಧೂಳು ತೆಗೆಯಲು ಬಟ್ಟೆ ಬೇಡ, ನೂಲು ಸಿಕ್ಕಿಕೊಳ್ಳುತ್ತದೆ. ಮೃದುವಾದ ಒಣ ಕುಂಚ ಸಾಕು.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ಕಲಾವಿದರ ಸಹಕಾರಿ ಸಂಘ