ರೇಡಿಯೇಟರ್ ತಣ್ಣಗಿದೆಯಾ? ಶನಿವಾರದೊಳಗೆ ತಿಳಿಸಿ

ಎಲ್ಲರಿಗೂ ನಮಸ್ಕಾರ.

ನೀರು ಕಾಯಿಸುವ ಬಾಯ್ಲರ್ ಓಡುತ್ತಿದ್ದರೂ, ಆ ಬಿಸಿ ನೀರಿನಿಂದ ಕೋಣೆ ಬೆಚ್ಚಗಿಡುವ ರೇಡಿಯೇಟರ್ ಬಿಸಿಯಾಗುತ್ತಿಲ್ಲ ಎಂದು ನಾಲ್ಕೈದು ಮನೆಯವರು ಹೇಳಿದ್ದೀರಿ. ಭಾನುವಾರ ಬೆಳಿಗ್ಗೆ 10ಕ್ಕೆ ಮೆಕ್ಯಾನಿಕ್ ಬರುತ್ತಾರೆ. ಅಷ್ಟರೊಳಗೆ ನೀವೂ ಒಮ್ಮೆ ನೋಡಿ, ಎಷ್ಟೋ ಸಲ ಸಣ್ಣ ವಿಷಯವೇ ಆಗಿರುತ್ತದೆ.

ಮನೆಯಲ್ಲಿ ಎಲ್ಲವೂ ತಣ್ಣಗಿದ್ದರೆ ಮೊದಲು ಥರ್ಮೋಸ್ಟಾಟ್ (ಎಷ್ಟು ಬಿಸಿ ಬೇಕೆಂದು ಹೊಂದಿಸುವ ಸಾಧನ), ಟೈಮರ್ ನೋಡಿ. ಆಮೇಲೆ ಬಾಯ್ಲರ್‌ನ ಪ್ರೆಶರ್ ಮುಳ್ಳು. ಬಾಯ್ಲರ್ ತಣ್ಣಗಿರುವಾಗ ಅದು ಸಾಮಾನ್ಯವಾಗಿ 1ರಿಂದ 1.5 ಬಾರ್ (ಒತ್ತಡದ ಅಳತೆ) ತೋರಿಸಬೇಕು.

ಒಂದೆರಡು ರೇಡಿಯೇಟರ್ ಮಾತ್ರ ತಣ್ಣಗಿದ್ದರೆ ಕೈಯಿಂದ ಮುಟ್ಟಿ ನೋಡಿ. ಕೆಳಗೆ ಬಿಸಿ, ಮೇಲೆ ತಣ್ಣಗೆ ಅಂದರೆ ಒಳಗೆ ಗಾಳಿ ಸೇರಿದೆ. ಹೀಟಿಂಗ್ ಆಫ್ ಮಾಡಿ, ಪೂರ್ತಿ ಆರಲು ಬಿಡಿ. ಅವಸರ ಬೇಡ, ಬಿಸಿ ನೀರು ಚಿಮ್ಮಿದರೆ ಕೈ ಸುಡುತ್ತದೆ. ಮೇಲಿನ ಮೂಲೆಯ ಸಣ್ಣ ತಿರುಪಿನ ಕೆಳಗೆ ಹಳೇ ಬಟ್ಟೆ ಹಿಡಿದು, ರೇಡಿಯೇಟರ್ ಕೀಲಿಯನ್ನು ಆ ತಿರುಪಿಗೆ ಹಾಕಿ ಎಡಕ್ಕೆ ಕಾಲು ಸುತ್ತು ತಿರುಗಿಸಿ. ಬುಸ್ ಅಂತ ಗಾಳಿ ಬರುತ್ತದೆ. ಸದ್ದು ನಿಂತು ನೀರು ಜಿನುಗಿದ ಕೂಡಲೇ ಮುಚ್ಚಿ. ಆಮೇಲೆ ಪ್ರೆಶರ್ ಇಳಿದಿರಬಹುದು, ಮತ್ತೊಮ್ಮೆ ನೋಡಿ. ಕೀಲಿ ಇಲ್ಲದವರು ನನ್ನ ಹತ್ತಿರ ತೆಗೆದುಕೊಳ್ಳಿ.

ಮೇಲೆ ಬಿಸಿ ಇದ್ದು ಕೆಳಗೆ ತಣ್ಣಗಿದ್ದರೆ ಹೆಚ್ಚಾಗಿ ತಳದಲ್ಲಿ ಕೆಸರು ಕೂತಿರುತ್ತದೆ. ಅದು ಮೆಕ್ಯಾನಿಕ್ ಕೆಲಸ, ಸುಮ್ನೆ ಬಿಚ್ಚಲು ಹೋಗಬೇಡಿ.

ದಯವಿಟ್ಟು ಬಾಯ್ಲರ್ ಮುಚ್ಚಳವನ್ನಂತೂ ಯಾರೂ ತೆಗೆಯಬೇಡಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಯಾವುದನ್ನೂ ಮುಟ್ಟದೆ ಎಲ್ಲರೂ ಹೊರಗೆ ಬನ್ನಿ, ಹೊರಗಿನಿಂದಲೇ ಗ್ಯಾಸ್ ತುರ್ತು ಸೇವೆಗೆ ಫೋನ್ ಮಾಡಿ.

ಮೆಕ್ಯಾನಿಕ್ ಬೇಕಾದವರು ಶನಿವಾರ ಸಂಜೆ 6ರೊಳಗೆ ಇಲ್ಲೇ ಬರೆಯಿರಿ: ಮನೆ ನಂಬರ್, ಎಷ್ಟು ರೇಡಿಯೇಟರ್, ಎಲ್ಲಿ ತಣ್ಣಗಿದೆ. ಮಕ್ಕಳು, ವಯಸ್ಸಾದವರು ಇರುವ ಮನೆಗೆ ಮೊದಲು ಕಳಿಸೋಣ, ಅಲ್ವಾ?